ಮನೆಯ ಕಿಟ್‌ನಲ್ಲಿ ನೆಗೆಟಿವ್, ಆಸ್ಪತ್ರೆಯಲ್ಲಿ ಪಾಸಿಟಿವ್: ರ್‍ಯಾಪಿಡ್ ಪರೀಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಮಲೆನಾಡ_ಮಳೆ · ಬೆಳಿಗ್ಗೆ 9:12
ನಮ್ಮ ಅಮ್ಮನಿಗೆ 71 ವರ್ಷ, ಸಕ್ಕರೆ ಕಾಯಿಲೆ ಬೇರೆ. ಕಳೆದ ವಾರ ಒಂದು ಸಂಜೆ ಮೈ ಬಿಸಿಯಾಯಿತು, ಗಂಟಲು ಕೆರೆತ ಶುರುವಾಯಿತು. ಔಷಧ ಅಂಗಡಿಯಿಂದ ಕೊರೊನಾ ಕಿಟ್ ತರಿಸಿ ಆ ರಾತ್ರಿಯೇ ಪರೀಕ್ಷೆ ಮಾಡಿದೆವು. ಒಂದೇ ಗೆರೆ. ನೆಗೆಟಿವ್ ಎಂದು ನಿಶ್ಚಿಂತೆಯಿಂದ ಮಲಗಿದೆವು. ಮರುದಿನ ಮನೆಯಲ್ಲಿ ಅಜ್ಜನ ಶ್ರಾದ್ಧ. ಹತ್ತಿರದ ನೆಂಟರೆಲ್ಲ ಬಂದರು, ಅಮ್ಮನೂ ಅವರ ಜೊತೆಯಲ್ಲೇ ಕುಳಿತು ಊಟ ಮಾಡಿದರು. ಜ್ವರ ಇಳಿಯಲಿಲ್ಲವೆಂದು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಆರ್‌ಟಿ–ಪಿಸಿಆರ್‌ನಲ್ಲಿ ಪಾಸಿಟಿವ್! ಅಷ್ಟು ಹೊತ್ತಿಗೆ ಅತ್ತೆಗೂ ಅಣ್ಣನ ಮಗನಿಗೂ ಜ್ವರ.

ಅಮ್ಮ ಚೇತರಿಸಿಕೊಳ್ಳುತ್ತಿದ್ದಾರೆ. ಆದರೆ ನನಗೆ ಸಿಟ್ಟು ಇಳಿದಿಲ್ಲ. ಕಿಟ್‌ನ ಅವಧಿ ಮುಗಿದಿರಲಿಲ್ಲ, ಚೀಟಿಯಲ್ಲಿ ಬರೆದಂತೆಯೇ ಮಾಡಿದ್ದೇವೆ. ಪೆಟ್ಟಿಗೆಯ ಮೇಲೆ ಶೇಕಡಾ ತೊಂಬತ್ತರ ಮೇಲೆ ನಿಖರ ಎಂದು ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಹಾಗಾದರೆ ಇದು ಏನು ನಿಖರತೆ? ಇನ್ನು ಮುಂದೆ ಈ ಕಿಟ್‌ಗಳನ್ನು ಮನೆಗೆ ತರಬೇಕೇ, ಬೇಡವೇ? ತಿಳಿದವರು ದಯವಿಟ್ಟು ಹೇಳಿ.

ಬಯಲುಸೀಮೆ · 9:20
ತರಬೇಡಿ. ದುಡ್ಡು ದಂಡ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಲ್ಯಾಬ್_ಕಿಟಕಿ · 9:41
ಮೊದಲು ಅಮ್ಮ ಪೂರ್ತಿ ಗುಣವಾಗಲಿ. ಅಕ್ಕ, ಕಿಟ್ ಕೆಟ್ಟಿತ್ತು ಎನ್ನುವುದಕ್ಕಿಂತ ಜ್ವರ ಬಂದ ಮೊದಲ ರಾತ್ರಿಯೇ ಮಾಡಿದ್ದು ಕಾರಣವಿರಬಹುದು. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಪ್ರಯೋಗಾಲಯ ತಂತ್ರಜ್ಞ. 2020ರಿಂದ ಈಚೆಗೆ ಮೂಗಿಗೆ ಕಡ್ಡಿ ಹಾಕುವುದೇ ನನ್ನ ಕೆಲಸದ ದೊಡ್ಡ ಪಾಲು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ಪ್ಲಾಸ್ಟಿಕ್ ಕವಚದೊಳಗೆ ಇರುವುದು ಕಾಗದದಂತಹ ಒಂದು ಪಟ್ಟಿ. ‘ಎಸ್’ ಗುರುತಿನ ಗುಳಿಗೆ ಹನಿ ಹಾಕಿದಾಗ ದ್ರವ ಪಟ್ಟಿಯುದ್ದಕ್ಕೂ ಹರಿಯುತ್ತದೆ. ದಾರಿಯಲ್ಲಿ ಬಣ್ಣದ ಕಣ ಅಂಟಿಸಿದ ಪ್ರತಿಕಾಯಗಳು (ಆ್ಯಂಟಿಬಾಡಿ, ಅಂದರೆ ವೈರಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್‌ಗಳು) ಕಾದಿರುತ್ತವೆ. ಅನೇಕ ಕಿಟ್‌ಗಳಲ್ಲಿ ಆ ಬಣ್ಣ ಚಿನ್ನದ ಅತಿಸೂಕ್ಷ್ಮ ಕಣಗಳದ್ದು. ಮಾದರಿಯಲ್ಲಿ ವೈರಾಣುವಿನ ಪ್ರೋಟೀನ್ ಇದ್ದರೆ ಅವು ಅದನ್ನು ಹಿಡಿದುಕೊಂಡು ಹೋಗಿ ‘ಟಿ’ ಗೆರೆಯ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ. ಸಾಕಷ್ಟು ಕಣಗಳು ಒಂದೆಡೆ ಸೇರಿದರೆ ಮಾತ್ರ ನಮ್ಮ ಕಣ್ಣಿಗೆ ಗೆರೆ ಕಾಣುತ್ತದೆ. ಜ್ವರದ ಮೊದಲ ರಾತ್ರಿ ಇರಬಹುದಾದಂತೆ ಸ್ವಲ್ಪವೇ ಇದ್ದರೆ ಕಾಣುವುದಿಲ್ಲ. ಪಿಸಿಆರ್ ಯಂತ್ರವಾದರೆ ವೈರಾಣುವಿನ ಆರ್‌ಎನ್‌ಎ ತುಣುಕನ್ನು ನಕಲು ಮಾಡಿ ಮಾಡಿ ಕೋಟಿಗಟ್ಟಲೆ ಹೆಚ್ಚಿಸಿ ನೋಡುತ್ತದೆ. ಈ ಪಟ್ಟಿ ಏನನ್ನೂ ಹೆಚ್ಚಿಸುವುದಿಲ್ಲ. ಇರುವುದನ್ನು ಇದ್ದಷ್ಟೇ ತೋರಿಸುತ್ತದೆ.

ಇನ್ನೊಂದು ವಿಷಯವನ್ನು ಜನ ಗಮನಿಸುವುದೇ ಇಲ್ಲ. ‘ಸಿ’ ಗೆರೆ ಬಂದಿತೆಂದರೆ ದ್ರವ ಸರಿಯಾಗಿ ಹರಿದಿದೆ ಎಂದಷ್ಟೇ ಅರ್ಥ. ಮೂಗಿನಿಂದ ಮಾದರಿ ಸರಿಯಾಗಿ ಬಂದಿದೆ ಎಂದಲ್ಲ. ಕಡ್ಡಿಯನ್ನು ಮೂಗಿಗೆ ಮುಟ್ಟಿಸದೆ ದ್ರವದಲ್ಲಿ ಅದ್ದಿದರೂ ‘ಸಿ’ ಗೆರೆ ಅಚ್ಚುಕಟ್ಟಾಗಿ ಮೂಡುತ್ತದೆ.

ಎಲ್ಲವೂ_ವ್ಯಾಪಾರ · 9:58
ಇಷ್ಟೆಲ್ಲ ವಿವರಣೆ ಏಕೆ? ಈ ಕಿಟ್‌ಗಳ ಬಣ್ಣ 2020ರ ಏಪ್ರಿಲ್‌ನಲ್ಲೇ ಬಯಲಾಗಿದೆ. ಚೀನಾದಿಂದ ಲಕ್ಷಗಟ್ಟಲೆ ತರಿಸಿದರು. ಶೇ 90ರಷ್ಟು ಸರಿ ಬರಬೇಕಾದದ್ದು ಶೇ 5.4ರಷ್ಟೇ ಬರುತ್ತಿದೆ ಎಂದು ರಾಜಸ್ಥಾನ ಸರ್ಕಾರವೇ ಹೇಳಿತು. ಕೊನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅವುಗಳ ಬಳಕೆ ನಿಲ್ಲಿಸಿ, ವಾಪಸ್ ಕಳಿಸಿ ಎಂದು ರಾಜ್ಯಗಳಿಗೆ ಸೂಚಿಸಿತು. ಇಷ್ಟಾದ ಮೇಲೂ ನಂಬುವವರಿಗೆ ಏನು ಹೇಳುವುದು?

ಲ್ಯಾಬ್_ಕಿಟಕಿ · 10:03
ನೀವು ಹೇಳಿದ ಘಟನೆ ನಿಜ, ಆದರೆ ಅದು ಬೇರೆಯದೇ ಪರೀಕ್ಷೆ. ಆ ಕಿಟ್‌ಗಳು ರಕ್ತದಲ್ಲಿ ಪ್ರತಿಕಾಯ ಹುಡುಕುವಂಥವು. ನಮ್ಮ ದೇಹ ಪ್ರತಿಕಾಯ ತಯಾರಿಸಲು ಸಾಮಾನ್ಯವಾಗಿ ವಾರವೋ ಅದಕ್ಕಿಂತ ಹೆಚ್ಚೋ ಬೇಕು, ಹಾಗಾಗಿ ಇವತ್ತು ಸೋಂಕಿದೆಯೇ ಎಂದು ತಿಳಿಯಲು ಅವು ಉಪಯೋಗಕ್ಕೇ ಬರುವುದಿಲ್ಲ. ಈಗ ಚರ್ಚೆಯಲ್ಲಿರುವುದು ಆ್ಯಂಟಿಜೆನ್ ಪರೀಕ್ಷೆ, ವೈರಾಣುವಿನ ಪ್ರೋಟೀನನ್ನೇ ಹುಡುಕುವಂಥದ್ದು. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಎಲ್ಲವೂ_ವ್ಯಾಪಾರ · 10:07
ಸರಿ, ಬೇರೆಯೇ ಇರಲಿ. ಆದರೆ ಆ್ಯಂಟಿಜೆನ್ ಕಿಟ್ ಕೂಡ ಅರ್ಧಂಬರ್ಧ ಎಂದು ಐಸಿಎಂಆರ್‌ಗೆ ಗೊತ್ತೇ ಇತ್ತಲ್ಲ?

ಲ್ಯಾಬ್_ಕಿಟಕಿ · 10:15
ಗೊತ್ತಿತ್ತು, ಅದನ್ನು ಬರೆದೂ ಇತ್ತು. 2020ರ ಜೂನ್‌ನಲ್ಲಿ ಮೊದಲ ಆ್ಯಂಟಿಜೆನ್ ಕಿಟ್‌ಗೆ ಒಪ್ಪಿಗೆ ಕೊಟ್ಟಾಗಲೇ, ಸೋಂಕಿರುವವರಲ್ಲಿ ಇದು ಶೇ 50.6ರಿಂದ 84ರಷ್ಟು ಜನರನ್ನು ಹಿಡಿಯುತ್ತದೆ, ಸೋಂಕಿಲ್ಲದವರನ್ನು ಶೇ 99.3ರಿಂದ 100ರಷ್ಟು ಸರಿಯಾಗಿ ಬಿಡುತ್ತದೆ ಎಂದು ತಿಳಿಸಿತ್ತು. ಲಕ್ಷಣಗಳಿದ್ದೂ ನೆಗೆಟಿವ್ ಬಂದರೆ ಆರ್‌ಟಿ–ಪಿಸಿಆರ್ ಮಾಡಲೇಬೇಕು ಎಂಬ ನಿಯಮವೂ ಅದರ ಜೊತೆಯಲ್ಲೇ ಇತ್ತು. ಆ ನಿಯಮ ಎಷ್ಟು ಕಡೆ ಪಾಲನೆಯಾಯಿತು ಎಂಬ ಪ್ರಶ್ನೆಗೆ ಮಾತ್ರ ನನ್ನ ಬಳಿ ಸಂತೋಷದ ಉತ್ತರವಿಲ್ಲ. ‘ನೆಗೆಟಿವ್ ಬಂತಲ್ಲ, ಇನ್ನೇನು’ ಎಂದು ಎದ್ದು ಹೋದವರನ್ನು ಕಣ್ಣಾರೆ ಕಂಡಿದ್ದೇನೆ.

ಲೆಕ್ಕದ_ಮೇಷ್ಟ್ರು · 10:44
ಪೆಟ್ಟಿಗೆಯ ಮೇಲಿನ ‘ನಿಖರತೆ’ ಒಂದೇ ಸಂಖ್ಯೆ. ಆದರೆ ಪ್ರಶ್ನೆಗಳು ಎರಡು: ಕಾಯಿಲೆ ಇರುವವನನ್ನು ಹಿಡಿಯುತ್ತದೆಯೇ? ಇಲ್ಲದವನನ್ನು ಸುಮ್ಮನೆ ಬಿಡುತ್ತದೆಯೇ? ಇವೆರಡನ್ನೂ ಕಲಸಿ ಒಂದು ಅಂಕಿ ಅಚ್ಚು ಹಾಕುವುದನ್ನು ನಾನು ಖಂಡಿಸುತ್ತೇನೆ.

ಕೊಕ್ರೇನ್ ಸಂಸ್ಥೆ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸರಾಸರಿ ಹೀಗಿದೆ. ಲಕ್ಷಣಗಳಿರುವ ಸೋಂಕಿತರಲ್ಲಿ ಶೇ 72ರಷ್ಟು ಜನ ಸಿಕ್ಕಿಬೀಳುತ್ತಾರೆ, ಲಕ್ಷಣಗಳಿಲ್ಲದವರಲ್ಲಿ ಶೇ 58ರಷ್ಟು. ಲಕ್ಷಣ ಶುರುವಾದ ಮೊದಲ ವಾರದಲ್ಲಿ ಶೇ 78, ಎರಡನೆಯ ವಾರದಲ್ಲಿ ಶೇ 51. ಸೋಂಕಿಲ್ಲದವರಿಗೆ ನೆಗೆಟಿವ್ ಎಂದು ಹೇಳುವುದರಲ್ಲಿ ಮಾತ್ರ ಶೇ 99.6ರಷ್ಟು ಗಟ್ಟಿ.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಜ್ವರ ಬಂದ 1000 ಜನ ಬಂದಿದ್ದಾರೆ, ಅವರಲ್ಲಿ 200 ಜನರಿಗೆ ನಿಜವಾಗಿ ಕೊರೊನಾ ಇದೆ ಎಂದುಕೊಳ್ಳೋಣ. 144 ಜನ ಸಿಕ್ಕರು, 56 ಜನ ತಪ್ಪಿಸಿಕೊಂಡರು. ಸೋಂಕಿಲ್ಲದ 800 ಜನರಲ್ಲಿ ಸುಮಾರು 3 ಜನರಿಗೆ ಸುಳ್ಳು ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 147 ಜನರಲ್ಲಿ 144 ಜನರದ್ದು ನಿಜ. ಕಣ್ಣು ಮುಚ್ಚಿ ನಂಬಬಹುದು. ನೆಗೆಟಿವ್ ಬಂದವರು 853 ಜನ, ಅವರಲ್ಲಿ 56 ಜನ ಸೋಂಕಿತರು, ಹೆಚ್ಚುಕಡಿಮೆ ಹದಿನೈದರಲ್ಲಿ ಒಬ್ಬರು.

ಅದೇ ಊರಲ್ಲಿ ಅಲೆ ಎದ್ದಿದೆ, ಜ್ವರ ಬಂದವರಲ್ಲಿ ಅರ್ಧದಷ್ಟು ಜನರಿಗೆ ಕೊರೊನಾ ಎಂದಿಟ್ಟುಕೊಂಡರೆ, ನೆಗೆಟಿವ್ ಬಂದವರಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಜನ ಸೋಂಕಿತರೇ ಆಗಿರುತ್ತಾರೆ. ಕಿಟ್ ಬದಲಾಗಿಲ್ಲ, ಊರಿನ ಸ್ಥಿತಿ ಬದಲಾಯಿತು ಅಷ್ಟೇ. ಆದ್ದರಿಂದ ಎಲ್ಲರ ಮನೆಯಲ್ಲೂ ಜ್ವರವಿರುವ ಸಮಯದಲ್ಲಿ ನೆಗೆಟಿವ್‌ಗೆ ಬೆಲೆ ಕಡಿಮೆ.

ಕರಾವಳಿಯವನು · 10:52
ಮೇಷ್ಟ್ರೇ, ಲಕ್ಷಣವೇ ಇಲ್ಲದವರಿಗೆ ಸಾಲಾಗಿ ನಿಲ್ಲಿಸಿ ಮಾಡಿದರೆ?

ಲೆಕ್ಕದ_ಮೇಷ್ಟ್ರು · 11:01
ಒಳ್ಳೆಯ ಪ್ರಶ್ನೆ. 1000 ಜನರಲ್ಲಿ ಐವರಿಗೆ ಮಾತ್ರ ಸೋಂಕು ಎಂದಾದರೆ ಸಿಗುವವರು ಮೂವರು. ಸೋಂಕಿಲ್ಲದ 995 ಜನರಲ್ಲಿ ನಾಲ್ವರಿಗೆ ಸುಳ್ಳು ಪಾಸಿಟಿವ್. ಏಳು ಪಾಸಿಟಿವ್‌ನಲ್ಲಿ ನಾಲ್ಕು ಸುಳ್ಳು! ಆಗ ಪಾಸಿಟಿವ್ ಬಂದವರಿಗೇ ಮರುಪರೀಕ್ಷೆ ಬೇಕು. ಸ್ಲೊವಾಕಿಯಾ ದೇಶ 2020ರ ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ಸುಮಾರು 36 ಲಕ್ಷ ಜನರಿಗೆ ಆ್ಯಂಟಿಜೆನ್ ಪರೀಕ್ಷೆ ಮಾಡಿತ್ತು, ಪಾಸಿಟಿವ್ ಬಂದದ್ದು ಶೇ 1ರಷ್ಟು ಜನರಿಗೆ. ಅದರಿಂದ ಎಷ್ಟು ಲಾಭವಾಯಿತು ಎಂಬ ವಾದ ಇನ್ನೂ ಮುಗಿದಿಲ್ಲ, ಏಕೆಂದರೆ ಅದರ ಜೊತೆಗೆ ಬೇರೆ ನಿರ್ಬಂಧಗಳೂ ಇದ್ದವು.

ಕರಾವಳಿಯವನು · 11:10
ಸಾಲು ಎಂದ ಕೂಡಲೇ ತಲಪಾಡಿ ನೆನಪಾಯಿತು. 2021ರ ಆಗಸ್ಟ್‌ನಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯ. ನಮ್ಮ ಮಾವನವರ ಮನೆ ಮಂಜೇಶ್ವರದಲ್ಲಿ, ನನ್ನ ಕೆಲಸ ಮಂಗಳೂರಿನಲ್ಲಿ. ದಿನಾ ಓಡಾಡುವವರು ಎಷ್ಟು ಸಲ ಮೂಗು ಚುಚ್ಚಿಸಿಕೊಳ್ಳಬೇಕು? ಅಲ್ಲಿ ನಿಂತು ಪೊಲೀಸರ ಜೊತೆ ವಾದಿಸಿದ್ದು ಈಗಲೂ ಕಣ್ಣ ಮುಂದಿದೆ.

ಬಯಲುಸೀಮೆ · 11:14
ಗಡಿ ಬಂದ್ ಮಾಡಿದ್ದು ಸರಿಯೇ ಇತ್ತು ಬಿಡಿ.

ಕರಾವಳಿಯವನು · 11:15
ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳ ಎದುರು ಹೋಗಿ ಈ ಮಾತು ಹೇಳಿ ನೋಡೋಣ.

ನಿರ್ವಾಹಕ · 11:17
ಗಡಿಯ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಪರೀಕ್ಷೆಯ ಬಗ್ಗೆ ಮಾತ್ರ ಬರೆಯಿರಿ.

ಎಲ್ಲವೂ_ವ್ಯಾಪಾರ · 11:30
ಪರೀಕ್ಷೆಯ ಬಗ್ಗೆಯೇ ಕೇಳುತ್ತೇನೆ. ಎಲ್ಲರೂ ಪಿಸಿಆರನ್ನು ದೇವರೆಂದು ಕೂರಿಸಿಕೊಂಡಿದ್ದೀರಿ. ನನ್ನ ತಮ್ಮನಿಗೆ ಜ್ವರ ಬಿಟ್ಟು ಮೂರು ವಾರ ಕಳೆದರೂ ಪಿಸಿಆರ್ ಪಾಸಿಟಿವ್ ಬರುತ್ತಲೇ ಇತ್ತು. ಆಳು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದ. ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ, ಸಂಬಳ ಕಡಿತವಾಯಿತು. ಅದು ನಿಖರತೆಯೇ?

ಮಕ್ಕಳ_ಡಾಕ್ಟರಮ್ಮ · 12:20
ನಿಮ್ಮ ತಮ್ಮನಿಗೆ ಆದದ್ದು ಅನ್ಯಾಯವೇ. ಸೋಂಕು ಕಳೆದ ಮೇಲೂ ವೈರಾಣುವಿನ ಆರ್‌ಎನ್‌ಎ ಚೂರುಗಳು ವಾರಗಟ್ಟಲೆ ಮೂಗಿನಲ್ಲಿ ಉಳಿಯುತ್ತವೆ, ಪಿಸಿಆರ್ ಅವುಗಳನ್ನೂ ಹಿಡಿಯುತ್ತದೆ. ಅವು ಇನ್ನೊಬ್ಬರಿಗೆ ಹರಡುವ ಜೀವಂತ ವೈರಾಣುಗಳಲ್ಲ. ಹಾರ್ವರ್ಡ್‌ನಲ್ಲಿದ್ದ ಮೈಕೆಲ್ ಮೀನಾ ಅವರಂಥ ತಜ್ಞರು 2020ರಲ್ಲೇ ಎತ್ತಿದ ವಾದ ಇದು: ‘ಸೋಂಕು ತಗಲಿತ್ತೇ’ ಎಂಬುದಕ್ಕಿಂತ ‘ಈಗ ಹರಡುತ್ತಾನೆಯೇ’ ಎಂಬುದು ಮುಖ್ಯ, ಅದಕ್ಕೆ ಅಗ್ಗದ ಪರೀಕ್ಷೆಯನ್ನು ಪದೇ ಪದೇ ಮಾಡುವುದೇ ಮೇಲು ಎಂದು. ವೈರಾಣು ತುಂಬಿ ತುಳುಕುವ ದಿನಗಳಲ್ಲಿ ರ್‍ಯಾಪಿಡ್ ಪರೀಕ್ಷೆ ಚೆನ್ನಾಗಿಯೇ ಹಿಡಿಯುತ್ತದೆ.

ಆದರೆ ಈ ವಾದವನ್ನು ಅಕ್ಕನವರ ಅಮ್ಮನಂಥವರಿಗೆ ಹಾಗೆಯೇ ಅನ್ವಯಿಸಬೇಡಿ. ಅವರಿಗೆ 71 ವರ್ಷ, ಮಧುಮೇಹ. ಅವರ ವಿಷಯದಲ್ಲಿ ನನಗೆ ಬೇಕಾದದ್ದು ಬೇಗ ರೋಗ ಪತ್ತೆ, ಬೇಗ ಚಿಕಿತ್ಸೆ. ಅಲ್ಲಿ ನೆಗೆಟಿವ್ ಕಿಟ್ ನೋಡಿ ಸುಮ್ಮನೆ ಕೂರುವ ಹಾಗಿಲ್ಲ.

ಲೆಕ್ಕದ_ಮೇಷ್ಟ್ರು · 12:31
ಡಾಕ್ಟರಮ್ಮನವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಪಿಸಿಆರ್ ವರದಿಯಲ್ಲಿ ಸಿಟಿ ಮೌಲ್ಯ ಎಂದು ಕೊಡುತ್ತಾರಲ್ಲ, ಅದು ಎಷ್ಟನೆಯ ಸುತ್ತಿಗೆ ವೈರಾಣು ಕಾಣಿಸಿತು ಎಂಬುದರ ಸಂಖ್ಯೆ. ಪ್ರತಿ ಸುತ್ತಿಗೂ ಪ್ರಮಾಣ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾಗಿ ಸಿಟಿ 20 ಇರುವವನ ಮಾದರಿಯಲ್ಲಿ ಸಿಟಿ 30 ಇರುವವನದ್ದಕ್ಕಿಂತ ಸಾವಿರ ಪಟ್ಟು ಹೆಚ್ಚು ಆರ್‌ಎನ್‌ಎ ಇರುತ್ತದೆ. ಇಬ್ಬರಿಗೂ ವರದಿ ‘ಪಾಸಿಟಿವ್’ ಎಂದೇ. ಮೊದಲಿನವನು ಕಿಟ್‌ನಲ್ಲಿ ಬಹುತೇಕ ಸಿಕ್ಕಿಬೀಳುತ್ತಾನೆ, ಎರಡನೆಯವನು ತಪ್ಪಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ಲ್ಯಾಬ್_ಕಿಟಕಿ · 12:38
ಲೆಕ್ಕ ಸರಿ, ಆದರೆ ಒಂದು ಎಚ್ಚರ. ಕಡ್ಡಿಯನ್ನು ಮೇಲುಮೇಲೆ ತಿರುಗಿಸಿ ತೆಗೆದರೂ ಸಿಟಿ ಹೆಚ್ಚು ಬರುತ್ತದೆ. ಒಂದು ಲ್ಯಾಬಿನ 28 ಇನ್ನೊಂದು ಲ್ಯಾಬಿನ 28 ಆಗಿರಬೇಕಿಲ್ಲ. ಸಿಟಿ ನೋಡಿಕೊಂಡು ‘ನನಗೆ ಜೋರಾಗಿಲ್ಲ’ ಎಂದು ಧೈರ್ಯ ತಂದುಕೊಳ್ಳುವವರನ್ನು ಕಂಡರೆ ನನಗೆ ಭಯ.

ಲೆಸ್ಟರ್_ಕನ್ನಡಿಗ · 1:05
ಇಂಗ್ಲೆಂಡಿನಲ್ಲಿ 2021ರ ಏಪ್ರಿಲ್‌ನಿಂದ ಎಲ್ಲರಿಗೂ ವಾರಕ್ಕೆ ಎರಡು ಸಲದಂತೆ ಕಿಟ್ ಉಚಿತವಾಗಿ ಕೊಡುತ್ತಿದ್ದರು, ಅಂಚೆಯಲ್ಲಿ ಮನೆಗೇ ಬರುತ್ತಿತ್ತು. ಉಚಿತವಾಗಿ ಕೊಡುವುದನ್ನು 2022ರ ಏಪ್ರಿಲ್ 1ಕ್ಕೆ ಬಹುಮಟ್ಟಿಗೆ ನಿಲ್ಲಿಸಿದರು. ನನ್ನ ಮಗಳು ಶಾಲೆಗೆ ಹೊರಡುವ ಮುನ್ನ ಅಡುಗೆಮನೆಯ ಕಟ್ಟೆಯ ಮೇಲೆ ಪಟ್ಟಿ ಇಟ್ಟು ಮೊಬೈಲ್‌ನಲ್ಲಿ ಅಲಾರಂ ಹಾಕುತ್ತಿದ್ದಳು. ನಮಗೆ ಅದರಿಂದ ನಿಜಕ್ಕೂ ಅನುಕೂಲವಾಯಿತು. ಒಂದು ಸಲ ತಪ್ಪಿಸಿಕೊಂಡದ್ದು ಮುಂದಿನ ಸಲ ಸಿಗುತ್ತದೆ ಎಂಬ ಭರವಸೆಯಿತ್ತು.

ಇನ್ನೊಂದು ಸಂಗತಿ. ಶಾಲೆ ತಪ್ಪಿಸಲು ಕೆಲವು ಮಕ್ಕಳು ಹಣ್ಣಿನ ರಸವನ್ನೋ ಕೋಲಾವನ್ನೋ ಪಟ್ಟಿಗೆ ಹಾಕಿ ಎರಡು ಗೆರೆ ಬರಿಸುತ್ತಿದ್ದರು. ಅದು ಇಲ್ಲಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಬಯಲುಸೀಮೆ · 1:09
ನೋಡಿದಿರಾ? ಕೋಲಾಕ್ಕೂ ಕೊರೊನಾ! ಇದಕ್ಕಿಂತ ಸಾಕ್ಷಿ ಬೇಕೇ?

ಲ್ಯಾಬ್_ಕಿಟಕಿ · 1:13
ಅದು ಸಾಕ್ಷಿಯಲ್ಲ. ಹುಳಿ ಹೆಚ್ಚಿರುವ ದ್ರವ ಬಿದ್ದರೆ ಪಟ್ಟಿಯ ಪ್ರತಿಕಾಯಗಳ ಸ್ವಭಾವವೇ ಕೆಡುತ್ತದೆ, ಬಣ್ಣದ ಕಣಗಳು ವೈರಾಣು ಇಲ್ಲದೆಯೂ ಟಿ ಗೆರೆಗೆ ಅಂಟಿಕೊಳ್ಳುತ್ತವೆ. ಕಿಟ್ ಜೊತೆಗೆ ಕೊಡುವ ಬಫರ್ ದ್ರವ ಆ ಆಮ್ಲೀಯತೆಯನ್ನು ಸರಿಯಾದ ಮಟ್ಟದಲ್ಲಿಡಲೆಂದೇ ಇರುವುದು. ಬಫರ್ ಬಿಟ್ಟು ಬೇರೆ ಏನನ್ನಾದರೂ ಸುರಿದು ಪರೀಕ್ಷೆಯನ್ನು ದೂರಿದರೆ ಹೇಗೆ? ಇದರಿಂದ ಕಲಿಯಬೇಕಾದದ್ದು ಒಂದಿದೆ: ಬಫರ್ ಚೆಲ್ಲಿಹೋದರೆ ನೀರು ಬೆರೆಸಬೇಡಿ, ಇನ್ನೊಂದು ಕಿಟ್ ತನ್ನಿ.

ರಾಯಚೂರು_ಮೆಡಿಕಲ್ಸ್ · 1:40
ಅಂಗಡಿಯವನಾಗಿ ನನ್ನದೂ ಎರಡು ಮಾತು. ಹೆಚ್ಚಿನ ಕಿಟ್‌ಗಳನ್ನು 2ರಿಂದ 30 ಡಿಗ್ರಿ ಉಷ್ಣಾಂಶದಲ್ಲಿಡಬೇಕು. ನಮ್ಮ ಊರಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ 40 ದಾಟುತ್ತದೆ. ತಗಡಿನ ಮಾಡಿನ ಕೆಳಗೆ ಗೋದಾಮು, ಮಧ್ಯಾಹ್ನ ವಿದ್ಯುತ್ ಇಲ್ಲ. ಅಂಥ ಕಡೆ ತಿಂಗಳುಗಟ್ಟಲೆ ಬಿದ್ದ ಕಿಟ್‌ನ ಅವಧಿ ಪೆಟ್ಟಿಗೆಯ ಮೇಲೆ ಮುಗಿದಿಲ್ಲದಿದ್ದರೂ ಒಳಗೆ ಏನಾಗಿದೆಯೋ ಹೇಳಲಾಗದು. ನಾನು ಕಿಟ್‌ಗಳನ್ನು ಎಸಿ ಇರುವ ಒಳಕೋಣೆಯಲ್ಲಿಡುತ್ತೇನೆ. ಕೊಳ್ಳುವವರು ‘ಎಲ್ಲಿಟ್ಟಿದ್ದಿರಿ’ ಎಂದು ಕೇಳಬೇಕು, ಕೇಳುವವರೇ ಇಲ್ಲ.

ಮಲೆನಾಡಿನವರಿಗೆ ಬೇರೆ ತೊಂದರೆ: ತೇವ. ಬೆಳ್ಳಿಬಣ್ಣದ ಚೀಲವನ್ನು ಮೊದಲೇ ಹರಿದಿಟ್ಟು ಆಮೇಲೆ ಮೂಗಿಗೆ ಕಡ್ಡಿ ಹಾಕುವುದು ಬೇಡ. ಎಲ್ಲ ಸಿದ್ಧವಾದ ಮೇಲೆಯೇ ಹರಿಯಬೇಕು. ಒಳಗೆ ತೇವ ಹೀರುವ ಸಣ್ಣ ಪೊಟ್ಟಣ ಇಟ್ಟಿರುವುದು ಸುಮ್ಮನೆ ಅಲ್ಲ.

ಮಲೆನಾಡ_ಮಳೆ · 1:52
ಅಯ್ಯೋ, ಇದನ್ನು ಯಾರೂ ಹೇಳಿರಲಿಲ್ಲ. ಇನ್ನೊಂದು ಸಂಶಯ. ಅತ್ತೆಯ ಪರೀಕ್ಷೆಯಲ್ಲಿ ಹದಿನೈದು ನಿಮಿಷಕ್ಕೆ ಏನೂ ಇರಲಿಲ್ಲ. ಕಸದ ಬುಟ್ಟಿಗೆ ಹಾಕಲು ಹೋದಾಗ, ಗಂಟೆ ಕಳೆದ ಮೇಲೆ, ಟಿ ಹತ್ತಿರ ಬೂದು ಬಣ್ಣದ ನೆರಳಿನಂತಹ ಗೆರೆ ಕಂಡಿತು. ಇದು ಪಾಸಿಟಿವ್ ಎಂದೇ?

ಲ್ಯಾಬ್_ಕಿಟಕಿ · 2:04
ಅವಧಿ ಮೀರಿದ ಮೇಲೆ ಕಾಣುವ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದ್ರವ ಒಣಗುವಾಗ ಹಾಗೆ ಬಣ್ಣವಿಲ್ಲದ ಗುರುತು ಮೂಡುವುದುಂಟು. ಆದರೆ ಚೀಟಿಯಲ್ಲಿ ಹೇಳಿದ ಸಮಯದೊಳಗೆ ಗೆರೆ ಬಂದರೆ, ಎಷ್ಟೇ ಮಸುಕಾಗಿರಲಿ, ಅದು ಪಾಸಿಟಿವ್. ಅತ್ತೆಗೆ ಮನೆಯಲ್ಲೇ ಸೋಂಕಿತರ ಸಂಪರ್ಕವಾಗಿದೆ, ಜ್ವರವೂ ಇದೆ. ನೆಗೆಟಿವ್ ಎಂದು ಬಿಡಬೇಡಿ, 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಆಗಸ್ಟ್‌ನಲ್ಲಿ ಹೇಳಿದ್ದೂ ಇದನ್ನೇ: ಲಕ್ಷಣಗಳಿದ್ದರೆ 48 ಗಂಟೆ ಅಂತರದಲ್ಲಿ ಕನಿಷ್ಠ ಎರಡು ಪರೀಕ್ಷೆ, ಇಲ್ಲದಿದ್ದರೆ ಕನಿಷ್ಠ ಮೂರು. ಅಲ್ಲಿಯ ತನಕ ಮಾಸ್ಕ್, ಬೇರೆ ಕೋಣೆ. ಉಸಿರಾಟಕ್ಕೆ ಕಷ್ಟವಾದರೆ ಯಾವ ಗೆರೆಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಅಜ್ಜಿಮದ್ದು · 2:15
ಇಷ್ಟೆಲ್ಲ ಗೆರೆ ನೋಡುವ ಬದಲು ಅಮೃತಬಳ್ಳಿ, ಶುಂಠಿ, ಕಾಳುಮೆಣಸಿನ ಕಷಾಯ ಕುಡಿಯಿರಿ. ನಮ್ಮ ಮನೆಯಲ್ಲಿ ಯಾರೂ ಪರೀಕ್ಷೆ ಮಾಡಿಸಿಕೊಂಡೇ ಇಲ್ಲ.

ಮಕ್ಕಳ_ಡಾಕ್ಟರಮ್ಮ · 2:22
ಶುಂಠಿ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಆದರೆ ಅದು ರೋಗ ಪತ್ತೆ ಮಾಡುವುದಿಲ್ಲ. ಪತ್ತೆಯಾಗದ ಸೋಂಕು ಮನೆಯ ಹಿರಿಯರಿಗೆ ಹೋದಾಗ ಏನಾಗುತ್ತದೆ ಎಂದು ಈ ಎಳೆಯ ಮೊದಲ ಬರಹದಲ್ಲೇ ಇದೆ.

ಅಂದ ಹಾಗೆ ಎಲ್ಲರೂ ಕೊರೊನಾ ಸುತ್ತಲೇ ತಿರುಗುತ್ತಿದ್ದೀರಿ. ನನ್ನ ಬಳಿ ಬರುವ ಮಕ್ಕಳಲ್ಲಿ ಇನ್‌ಫ್ಲುಯೆಂಜಾ (ಫ್ಲೂ), ಉಸಿರಾಟದ ಇನ್ನೊಂದು ವೈರಾಣುವಾದ ಆರ್‌ಎಸ್‌ವಿ ಕೂಡ ಇರುತ್ತವೆ. ಅವುಗಳ ರ್‍ಯಾಪಿಡ್ ಪರೀಕ್ಷೆಗಳು ಕೊರೊನಾಗಿಂತ ಹಳೆಯವು, ಕಥೆಯೂ ಇದೇ. 2012ರಲ್ಲಿ ಪ್ರಕಟವಾದ, 159 ಅಧ್ಯಯನಗಳನ್ನು ಸೇರಿಸಿದ ವಿಶ್ಲೇಷಣೆಯ ಪ್ರಕಾರ ಇನ್‌ಫ್ಲುಯೆಂಜಾ ಇರುವವರಲ್ಲಿ ರ್‍ಯಾಪಿಡ್ ಪರೀಕ್ಷೆ ಹಿಡಿದದ್ದು ಶೇ 62ರಷ್ಟು. ಮಕ್ಕಳಲ್ಲಿ ಶೇ 67ರ ಹತ್ತಿರ, ವಯಸ್ಕರಲ್ಲಿ ಶೇ 54. ಮಕ್ಕಳ ಮೂಗಿನಲ್ಲಿ ವೈರಾಣು ಹೆಚ್ಚು ಇರುತ್ತದೆ, ಹೆಚ್ಚು ದಿನ ಇರುತ್ತದೆ. ಆರ್‌ಎಸ್‌ವಿಯಲ್ಲಂತೂ ಅಂತರ ಇನ್ನೂ ದೊಡ್ಡದು: ಮಕ್ಕಳಲ್ಲಿ ಶೇ 81, ವಯಸ್ಕರಲ್ಲಿ ಬರೀ ಶೇ 29.

ಈ ದೌರ್ಬಲ್ಯ ಕಂಡೇ ಅಮೆರಿಕದಲ್ಲಿ 2017ರಲ್ಲಿ ಫ್ಲೂ ಕಿಟ್‌ಗಳ ನಿಯಮ ಬಿಗಿ ಮಾಡಿದರು, ಹಳೆಯ ಎಷ್ಟೋ ಕಿಟ್‌ಗಳು ಮಾರುಕಟ್ಟೆಯಿಂದ ಹೋದವು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ. ಆದ್ದರಿಂದ ಗರ್ಭಿಣಿಗೋ ಆಸ್ತಮಾ ಇರುವವರಿಗೋ ಫ್ಲೂ ಇರಬಹುದೆಂಬ ಬಲವಾದ ಅನುಮಾನವಿದ್ದರೆ, ಕಿಟ್ ನೆಗೆಟಿವ್ ಬಂದರೂ ನಾನು ಚಿಕಿತ್ಸೆ ಶುರು ಮಾಡುತ್ತೇನೆ.

ಎಲ್ಲವೂ_ವ್ಯಾಪಾರ · 2:35
ಹಾಗಾದರೆ ಪರೀಕ್ಷೆಯೇ ಏಕೆ? ನೇರವಾಗಿ ಮಾತ್ರೆ ಕೊಡಿ.

ಮಕ್ಕಳ_ಡಾಕ್ಟರಮ್ಮ · 2:41
ಪಾಸಿಟಿವ್ ಬಂದರೆ ನನಗೆ ಬಹಳ ಉಪಯೋಗ. ಆ್ಯಂಟಿಬಯಾಟಿಕ್ ಕೊಡುವುದನ್ನು ತಪ್ಪಿಸಬಹುದು, ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಮಗುವನ್ನು ದೂರ ಇಡಬಹುದು, ತಾಯಿಗೆ ‘ಮನೆಯಲ್ಲಿ ಅಜ್ಜಿ ಇದ್ದರೆ ಎಚ್ಚರ’ ಎಂದು ಹತ್ತಿಪ್ಪತ್ತು ನಿಮಿಷದಲ್ಲೇ ಹೇಳಬಹುದು. ಪಿಸಿಆರ್ ವರದಿ ಬರುವುದು ನಾಳೆ. ಈ ಒಂದು ದಿನಕ್ಕೆ ಬೆಲೆಯಿಲ್ಲವೇ?

ಬಯಲುಸೀಮೆ · 2:50
ನಮ್ಮ ತಾಲ್ಲೂಕಿನಲ್ಲಿ ನಾಳೆಯಲ್ಲ, ನಾಡಿದ್ದು ಬಂದರೆ ಪುಣ್ಯ. ಮಾದರಿ ಜಿಲ್ಲೆಗೆ ಹೋಗಬೇಕು.

ಲ್ಯಾಬ್_ಕಿಟಕಿ · 2:58
ಅದಕ್ಕೆ ನಡುವಿನ ದಾರಿಯೊಂದಿದೆ. ಕ್ಷಯರೋಗ ಪತ್ತೆಗೆಂದು ಅನೇಕ ತಾಲ್ಲೂಕು ಕೇಂದ್ರಗಳಲ್ಲಿ ಟ್ರೂನ್ಯಾಟ್ ಯಂತ್ರವಿದೆ, ಗೋವಾದ ಕಂಪನಿ ತಯಾರಿಸಿದ್ದು, ಬ್ಯಾಟರಿಯಲ್ಲೂ ನಡೆಯುತ್ತದೆ. ಅದೂ ಪಿಸಿಆರ್ ವಿಧಾನವೇ, ಫಲಿತಾಂಶ ಒಂದೆರಡು ಗಂಟೆಯಲ್ಲಿ. 2020ರಲ್ಲಿ ಅದನ್ನೇ ಕೊರೊನಾಗೂ ಬಳಸಿದೆವು. ಒಮ್ಮೆಗೆ ಕೆಲವೇ ಮಾದರಿ ಹಾಕಬಹುದು, ಹಾಗಾಗಿ ಗಂಭೀರ ಸ್ಥಿತಿಯಲ್ಲಿರುವವರಿಗೆ ಮೊದಲು. ನಿಮ್ಮ ಆಸ್ಪತ್ರೆಯಲ್ಲಿ ಈಗ ಅದನ್ನು ಯಾವುದಕ್ಕೆ ಬಳಸುತ್ತಿದ್ದಾರೆಂದು ಕೇಳಿ ನೋಡಿ.

ಲೆಸ್ಟರ್_ಕನ್ನಡಿಗ · 3:20
ಡಾಕ್ಟರಮ್ಮ, ಹೋದ ವರ್ಷ ಎಚ್‌ಎಂಪಿವಿ ಎಂದು ಬೆಂಗಳೂರಿನ ಸುದ್ದಿವಾಹಿನಿಗಳೆಲ್ಲ ಕೂಗಿದವಲ್ಲ? ಅದನ್ನು ಈ ಕಿಟ್ ಹಿಡಿಯುತ್ತದೆಯೇ?

ಮಕ್ಕಳ_ಡಾಕ್ಟರಮ್ಮ · 3:33
ಕೊರೊನಾ ಕಿಟ್ ಹಿಡಿಯುವುದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಪತ್ತೆಯಾದಾಗ ಹೊಸ ರೋಗವೆಂಬಂತೆ ಹೆದರಿಸಿದರು. ಅದು ನೆದರ್ಲೆಂಡ್ಸ್‌ನಲ್ಲಿ 2001ರಲ್ಲೇ ಗುರುತಿಸಿದ ವೈರಾಣು. ಹುಡುಕಿದ್ದರಿಂದ ಸಿಕ್ಕಿತು. ಒಂದು ಮಾತು ನೆನಪಿರಲಿ: ಕಿಟ್ ನೆಗೆಟಿವ್ ಎಂದರೆ ‘ಈ ಒಂದು ವೈರಾಣು ಕಾಣಲಿಲ್ಲ’ ಎಂದು ಮಾತ್ರ. ನೆಗಡಿ ತರುವ ವೈರಾಣುಗಳು ಬೇಕಾದಷ್ಟಿವೆ, ಅವೂ ಹಿರಿಯರಿಗೆ ತೊಂದರೆ ಕೊಡಬಲ್ಲವು.

ಹೊಸ_ಓದುಗ · 4:10
ಪೂರ್ತಿ ಓದಿದೆ. ನಮ್ಮ ಅಂಗಡಿಯಲ್ಲಿ ಕೊರೊನಾ, ಫ್ಲೂ ಎ, ಫ್ಲೂ ಬಿ ಮೂರೂ ಒಂದೇ ಪಟ್ಟಿಯಲ್ಲಿರುವ ಕಿಟ್ ಬಂದಿದೆ, ಬೆಲೆ ಹೆಚ್ಚು. ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದ ಅಪ್ಪ ಇದ್ದಾರೆ. ಕೊಳ್ಳಬಹುದೇ?

ರಾಯಚೂರು_ಮೆಡಿಕಲ್ಸ್ · 4:18
ಕೊಳ್ಳಬಹುದು. ಒಂದು ದುಬಾರಿ ಕಿಟ್‌ಗಿಂತ ಎರಡು ಸಾದಾ ಕಿಟ್ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಎರಡನೆಯ ಸಲ ಮಾಡಲು ಬೇಕೇ ಬೇಕು.

ಮಕ್ಕಳ_ಡಾಕ್ಟರಮ್ಮ · 4:25
ನಾನು ಒಪ್ಪುವುದಿಲ್ಲ. ಅಪ್ಪನಿಗೆ ಫ್ಲೂ ಎಂದು ಮೊದಲ ದಿನವೇ ಗೊತ್ತಾದರೆ ಮಾತ್ರೆ ಬೇರೆ, ಕೊರೊನಾ ಎಂದಾದರೆ ಚಿಕಿತ್ಸೆ ಬೇರೆ. ಕೈಗೆಟುಕುವಂತಿದ್ದರೆ ಮೂರೂ ಇರುವುದನ್ನೇ ತನ್ನಿ, ಎರಡು ತನ್ನಿ. ಆಗದಿದ್ದರೆ ಆ ದುಡ್ಡನ್ನು ಅಪ್ಪನ ಫ್ಲೂ ಲಸಿಕೆಗೆ ಹಾಕಿ.

ಹೊಸ_ಓದುಗ · 4:31
ಲಸಿಕೆ ಪ್ರತಿ ವರ್ಷ ಹಾಕಿಸಬೇಕೇ?

ಮಕ್ಕಳ_ಡಾಕ್ಟರಮ್ಮ · 4:34
ಪ್ರತಿ ವರ್ಷ. ವೈರಾಣು ಬದಲಾಗುತ್ತಿರುತ್ತದೆ, ಲಸಿಕೆಯನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ಮಳೆಗಾಲಕ್ಕೆ ಮುಂಚೆ ಹಾಕಿಸುವುದು ಒಳ್ಳೆಯದು. ಲಸಿಕೆಯ ಪ್ರಶ್ನೆಗಳಿದ್ದರೆ ಹೊಸ ಎಳೆ ತೆರೆಯಿರಿ, ಅಲ್ಲಿ ಉತ್ತರಿಸುತ್ತೇನೆ.